ಕುಂಬಳಕಾಯಿ ಮೇಲೆ ಚುಕ್ಕಿ ರಂಗೋಲಿ: 2024ರ ಹ್ಯಾಲೋವೀನ್ ದಿನಚರಿ

ಅಕ್ಟೋಬರ್ 6, ಭಾನುವಾರ

ಈ ವರ್ಷ ಹ್ಯಾಲೋವೀನೂ ನರಕ ಚತುರ್ದಶಿಯೂ 31ಕ್ಕೇ ಬಿದ್ದಿವೆ. ಇರುವುದೊಂದೇ ಬಾಗಿಲು. ಹ್ಯಾಲೋವೀನ್‌ಗೆ ಎಲ್ಲರೂ ಕುಂಬಳಕಾಯಿಯಲ್ಲಿ ಕೊರೆಯುವ ಹಲ್ಲು ಕಿರಿಯುವ ಮುಖ ಬೇಡ, ರಂಗೋಲಿ ಕೊರೆಯೋಣ ಅಂತ ಮಗಳ ಹಟ.

ಪ್ರಯೋಗಕ್ಕೆ ಪುಟ್ಟದೊಂದು ಕಾಯಿ ತಂದೆ. ಸಣ್ಣ ಗರಗಸದಲ್ಲಿ ಎಸಳು ಕೊರೆಯುತ್ತ ಸುತ್ತು ಬಂದೆ. ಗೆರೆ ಕೂಡಿದ್ದೇ ತಡ, ಎಸಳಿಗೆ ಎಸಳೇ ಒಳಗೆ ದೊಪ್ಪನೆ ಬಿತ್ತು. ಬೀಳದೆ ಇನ್ನೇನು! ರಂಗೋಲಿಯಲ್ಲಿ ಗೆರೆ ಕೂಡಲೇಬೇಕು, ಕಾಯಿಯಲ್ಲಿ ಕೂಡಲೇಬಾರದು. ಎರಡು ದಿನ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಟೋಬರ್ 13, ಭಾನುವಾರ

ಶುಕ್ರವಾರ ಆಯುಧಪೂಜೆಗೆ ನಿಂಬೆಹಣ್ಣು ತುಳಿದ ಕಾರಿನಲ್ಲೇ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಗೆ ಹೋಗಿಬಂದೆವು. ಮುಂದಿನ ವಾರಾಂತ್ಯ ಅಲ್ಲಿ ಕುಂಬಳದ ಜಾತ್ರೆ. 92ನೇ ಹೆದ್ದಾರಿಯಲ್ಲಿ ಆಗ ಕಾರುಗಳು ಇರುವೆ ಸಾಲಿನ ಹಾಗೆ ನಿಲ್ಲುತ್ತವೆ.

ಹೊಲದಲ್ಲಿ ಮಗಳು ಓಡಿದ್ದು ಎಲ್ಲಕ್ಕಿಂತ ದೊಡ್ಡದರ ಕಡೆಗೆ. ನಾನು ನೋಡಿದ್ದೇ ಬೇರೆ. ತೊಟ್ಟು ಹಸಿರಾಗಿ ಗಟ್ಟಿಯಾಗಿರಬೇಕು, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು, ಅಲುಗಾಡದೆ ಕೂರಬೇಕು. ತಳ ತಿರುಗಿಸಿ ನೋಡಲೇಬೇಕು, ಕೊಳೆಯುವುದು ಶುರುವಾಗುವುದು ನೆಲಕ್ಕೆ ತಾಗಿದ ಕಡೆಯಿಂದ. ನಮಗೆ ಇನ್ನೊಂದೂ ಬೇಕಿತ್ತು: ಏಣುಗಳು ಆಳವಿರಬಾರದು. ಹಳ್ಳದಲ್ಲಿ ಚುಕ್ಕಿ ಸೊಟ್ಟಗಾಗುತ್ತದೆ. ಕೊನೆಗೆ ಎರಡು ಆರಿಸಿದೆವು. ತೊಟ್ಟು ಹಿಡಿದು ಎತ್ತಬೇಡ ಅನ್ನುವಷ್ಟರಲ್ಲಿ ಇವರು ಎತ್ತಿಯಾಗಿತ್ತು. ಪುಣ್ಯಕ್ಕೆ ಮುರಿಯಲಿಲ್ಲ.

(ಮರುದಿನ ಅಲ್ಲೇ ನಡೆದ ತೂಕದ ಸ್ಪರ್ಧೆಯಲ್ಲಿ ಮಿನೆಸೋಟಾದ ಟ್ರಾವಿಸ್ ಗಿಂಗರ್ ತಂದ ಕಾಯಿ 2,471 ಪೌಂಡ್ ತೂಗಿತಂತೆ, 1,100 ಕಿಲೋಗೂ ಮೇಲೆ. ಅಷ್ಟಕ್ಕೆ ರಂಗೋಲಿ ಹಾಕಲು ಬೀದಿಯ ಹೆಂಗಸರೆಲ್ಲ ಬೇಕು.)

ಅಕ್ಟೋಬರ್ 26, ಶನಿವಾರ

ಗೆರೆಯ ಗಂಟು ಬಿಡಿಸಿಕೊಂಡಿತು. ಚುಕ್ಕಿಗೆ ಮಾತ್ರ ಆರಪಾರ ತೂತು. ಗೆರೆಗೆ ಬರೀ ಸಿಪ್ಪೆ ಕೆರೆದು ತಿರುಳು ಹಾಗೇ ಬಿಡುವುದು. ಒಳಗಿನ ಬೆಳಕು ತಿರುಳಿನಲ್ಲಿ ಹಾದು ಜೇನಿನ ಬಣ್ಣಕ್ಕೆ ಬರುತ್ತದೆ, ಏನೂ ಬೀಳುವುದಿಲ್ಲ. ಆದರೆ ಒಳಗೋಡೆ ತೆಳ್ಳಗಿರಬೇಕು. ಸೌಟಿನಲ್ಲಿ ಕೆರೆದು ಕೆರೆದು ಎರಡು ಸೆಂಟಿಮೀಟರಿಗೆ ಇಳಿಸುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ಬಾಯಿ ಕೊರೆದದ್ದು ತಳದಲ್ಲಿ. ಮೇಲೆ ಕೊರೆದರೆ ಮುಚ್ಚಳ ಒಣಗಿ ಒಳಗೆ ಜಾರುತ್ತದೆ.

ಅಮ್ಮ ವಿಡಿಯೋ ಕಾಲ್‌ನಲ್ಲಿ, "ತಿನ್ನೋ ಕಾಯಿಗೆ ತೂತು ಕೊರೀತಾ ಕೂತಿದ್ದೀಯಲ್ಲೇ! ಬೀಜಾನಾದ್ರೂ ಎಸೀಬೇಡ."

ಎಸೆಯಲಿಲ್ಲ. ಉಪ್ಪು, ಖಾರದಪುಡಿ, ಕರಿಬೇವು ಹಾಕಿ ಹುರಿದಿಟ್ಟೆ. ಸಂಜೆ ತಟ್ಟೆ ಖಾಲಿ. ನಾನು ಕೇಳುವ ಮೊದಲೇ ಇವರು ಮೀಸೆ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ನಮ್ಮ ಮನೆಯಲ್ಲಿ ಹೀಗೆ. ಕೆರೆದ ತಿರುಳನ್ನು ಹುಳಿಗೂ ಹಾಕಿದೆ. ಹಾಕಬಾರದಿತ್ತು. ನೀರು ನೀರು, ನಾರು ನಾರು. ಇದು ಊರಿನ ಸಿಹಿಗುಂಬಳವಲ್ಲ, ನೋಟಕ್ಕೆಂದೇ ಬೆಳೆಸಿದ್ದು.

ಅಕ್ಟೋಬರ್ 29, ಮಂಗಳವಾರ

7ರಿಂದ 4ರವರೆಗೆ ಸಂದುಚುಕ್ಕಿ: ನಡುಸಾಲಿಗೆ 7, ಅದರ ಮೇಲೂ ಕೆಳಗೂ ಸಂದಿಗೊಂದರಂತೆ 6, 5, 4, ಒಟ್ಟು 37. ಕಾಗದದ ಮೇಲೆ ಬರೆದು ಕಾಯಿಗೆ ಅಂಟಿಸಿ ಗುಂಡುಸೂಜಿ ಚುಚ್ಚಿ ಗುರುತು ಮಾಡಿದೆವು. ದುಂಡು ಮೈ ನೋಡಿ, ಅಂಚಿನಲ್ಲಿ ಕಾಗದ ಸುಕ್ಕಾಗಿ ಎಡಗಡೆ ನಾಲ್ಕು ಚುಕ್ಕಿ ಒಟ್ಟೊಟ್ಟಿಗೆ ಬಂದವು. ಡ್ರಿಲ್‌ಗೆ 8 ಮಿಲಿಮೀಟರ್ ಬಿಟ್ ಹಾಕಿ ಕೊರೆದದ್ದು ನಾನು, ಗೆರೆ ಕೆರೆದದ್ದು ಮಗಳು, ಜೇಡಿಮಣ್ಣಿನ ಕೆಲಸದ ಉಪಕರಣದಲ್ಲಿ. ಕೊರೆದ ಅಂಚಿಗೆಲ್ಲ ವ್ಯಾಸಲೀನ್ ಸವರಿದ್ದೇವೆ, ಬೇಗ ಬಾಡದಿರಲಿ ಅಂತ. ಮುಂಚೆಯೇ ಕೊರೆದಿಟ್ಟರೆ ಇಲ್ಲಿನ ಬಿಸಿಲಿಗೆ ಬೂಸ್ಟು ಗ್ಯಾರಂಟಿ.

ಅಕ್ಟೋಬರ್ 31, ಗುರುವಾರ

ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಮಾಟಗಾತಿ ಟೋಪಿ. ಒಳಗೆ ಬ್ಯಾಟರಿ ದೀಪ, ಅಕ್ಕಪಕ್ಕ ಹಣತೆ. ಒತ್ತಿ ಬಂದ ನಾಲ್ಕು ಚುಕ್ಕಿ ಕತ್ತಲಲ್ಲಿ ಯಾರಿಗೂ ಕಾಣಲಿಲ್ಲ. ಚಾಕಲೇಟ್ ಕೇಳಲು ವೇಷ ಹಾಕಿ ಬಂದ ಪುಟ್ಟ ಅಸ್ಥಿಪಂಜರವೊಂದು, ಇದರ ಕಣ್ಣೆಲ್ಲಿ ಅಂತ ಕೇಳಿತು. ಮೂವತ್ತೇಳಿವೆ ಎಣಿಸಿಕೋ ಅಂದಳು ಮಗಳು. ಅದು ಎಣಿಸುತ್ತ ನಿಂತೇಬಿಟ್ಟಿತು, ಹಿಂದೆ ಮೂವರು ರಾಜಕುಮಾರಿಯರು ಕಾಯುತ್ತಿದ್ದರು.

ನವೆಂಬರ್ 3, ಭಾನುವಾರ

ಒಳಗೆ ಕಪ್ಪು ಬೂಸ್ಟು. ಕೆಳಸಾಲಿನ ಎರಡು ಚುಕ್ಕಿಯನ್ನು ಅಳಿಲು ಕಡಿದು ಒಂದು ಮಾಡಿದೆ. ಹಸಿಕಸದ ಹಸಿರು ತೊಟ್ಟಿಗೆ ಹಾಕಿದೆವು. ಕೊರೆಯದೆ ಉಳಿಸಿದ ಎರಡನೆಯದು ಮೆಟ್ಟಿಲ ಮೇಲೆ ಗುಂಡುಕಲ್ಲಿನ ಹಾಗೆ ಕೂತಿದೆ. ಅದಕ್ಕೆ ಬಿಳಿ ಬಣ್ಣದಲ್ಲಿ ಎಳೆ ರಂಗೋಲಿ ಬರೆಯಲು ಮಗಳು ಆಗಲೇ ಕುಂಚ ನೆನೆಹಾಕಿದ್ದಾಳೆ.