ಮೂರು ಗ್ರಾಂ ಗ್ಯಾಸಿನ ಲೆಕ್ಕ

ಚಾರಣಕ್ಕೆ ಬೇಕಾದ ಡೇರೆ, ಚೀಲ, ಒಲೆ, ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಶಿರಸಿಯ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ನನ್ನ ಕೆಲಸ. ಗ್ಯಾಸ್ ಒಲೆಗಳೂ ಹಗುರ ಪಾತ್ರೆಗಳೂ ನನ್ನ ಪಾಲಿಗೆ ಬಂದಿವೆ. ರೈಲಿನಲ್ಲೂ ವಿಮಾನದಲ್ಲೂ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಹಾಗಾಗಿ ದೂರದಿಂದ ಬಂದು ಗೋಕರ್ಣದ ಕಡಲತೀರಗಳಲ್ಲಿ ನಡೆಯುವವರು, ಯಾಣ, ಉಂಚಳ್ಳಿಯ ಕಡೆ ಹೊರಟವರು ಒಲೆಯನ್ನು ಇಲ್ಲಿಯೇ ಪಡೆಯುತ್ತಾರೆ. ಮಳೆಗಾಲ ಮುಗಿದ ಮೇಲೆ ನಮ್ಮ ಮೇಜು ಖಾಲಿ ಇರುವುದೇ ಇಲ್ಲ.

ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಲೆಯ ತೂಕದ್ದು. ಅಂಗೈಯಲ್ಲಿ ಹಿಡಿಯುವ ಒಲೆಯಲ್ಲಿ ಇಪ್ಪತ್ತು ಮೂವತ್ತು ಗ್ರಾಂ ಉಳಿಸಲು ಸಾವಿರಾರು ರೂಪಾಯಿ ಕೊಡಲು ಸಿದ್ಧರಿರುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೊಂದು ಪ್ರಶ್ನೆಯನ್ನು: ನೀರಿಗೆ ತಲುಪದ ಶಾಖ ಎಲ್ಲಿಗೆ ಹೋಯಿತು? ಒಲೆಗೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ನಾನು ಈ ಪ್ರಶ್ನೆಯಿಂದಲೇ ಅಳೆಯುತ್ತೇನೆ.

ಲೆಕ್ಕ ಕಷ್ಟದ್ದಲ್ಲ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ 90 ಡಿಗ್ರಿಗೆ ಏರಿಸಲು ಸುಮಾರು 136 ಕಿಲೋಜೌಲ್ ಶಾಖ ಬೇಕು. ಒಂದು ಗ್ರಾಂ ಬ್ಯುಟೇನ್ ಪೂರ್ತಿ ಉರಿದರೆ ಸುಮಾರು 45 ಕಿಲೋಜೌಲ್ ಸಿಗುತ್ತದೆ. ಎಳ್ಳಷ್ಟೂ ಪೋಲಾಗದಿದ್ದರೆ ಮೂರು ಗ್ರಾಂ ಗ್ಯಾಸ್ ಸಾಕು. ಗಾಳಿಯಿಲ್ಲದ ಕೋಣೆಯಲ್ಲಿ, ಮುಚ್ಚಳ ಹಾಕಿ, ಉರಿ ಸಣ್ಣದಿಟ್ಟರೆ ಐದಾರು ಗ್ರಾಂ ಖರ್ಚಾಗುತ್ತದೆ. ಅದೇ ಒಲೆಯನ್ನು ಕಾರವಾರದ ಕಡಲತೀರದಲ್ಲಿ ಮಧ್ಯಾಹ್ನದ ಗಾಳಿಗೆ ಹಚ್ಚಿದರೆ ಹತ್ತು ಗ್ರಾಂ ದಾಟಿದರೂ ನೀರು ಬಿಸಿಯಾಗಲು ಹಟ ಹಿಡಿಯುತ್ತದೆ.

ಬಂಗಾರದ ಅಂಗಡಿಯಲ್ಲಿ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿಯನ್ನು ಮೊದಲು ಮತ್ತು ಕೊನೆಗೆ ತೂಗುತ್ತೇನೆ. ನೀರಿನಲ್ಲಿ ಥರ್ಮಾಮೀಟರ್ ಇಳಿಬಿಟ್ಟು 90 ಡಿಗ್ರಿಗೆ ಒಲೆ ಆರಿಸುತ್ತೇನೆ. ಕುದಿಯುವವರೆಗೆ ಕಾಯುವುದಿಲ್ಲ. ಏಕೆಂದರೆ ಯಾವಾಗ ಕುದಿಯಿತು ಎಂಬುದು ನೋಡುವವರ ಕಣ್ಣಿಗೆ ಬಿಟ್ಟ ಮಾತು. ಜೊತೆಗೆ ಘಟ್ಟದ ಮೇಲಿರುವ ಶಿರಸಿಯಲ್ಲಿ ನೀರು ಕಾರವಾರಕ್ಕಿಂತ ಸುಮಾರು ಎರಡು ಡಿಗ್ರಿ ಮೊದಲೇ ಕುದಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ: ಮುಚ್ಚಳ ಬದಲಿಸಿದ ದಿನ ಪಾತ್ರೆ ಬದಲಿಸುವುದಿಲ್ಲ.

ಪಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎತ್ತರದ ಲೋಟದಂಥ ಪಾತ್ರೆ ಚೀಲದಲ್ಲಿ ಚೆನ್ನಾಗಿ ಕೂರುತ್ತದೆ, ಒಲೆಯ ಮೇಲೆ ಮಾತ್ರ ದಂಡ. ಉರಿ ತಳವನ್ನು ಮುಟ್ಟಿ ಕೂಡಲೇ ಬದಿಗೆ ಜಾರಿ ಮೇಲಕ್ಕೆ ಹೋಗಿಬಿಡುತ್ತದೆ, ಹಿಡಿಕೆಯ ಮೇಲಿನ ಸಿಲಿಕೋನ್ ಕವಚವನ್ನೂ ಸುಡುತ್ತದೆ. ನಮ್ಮ ಆಲೆಮನೆಯ ಕೊಪ್ಪರಿಗೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಗಲ ತಳದ ಉದ್ದಕ್ಕೂ ಉರಿ ಹರಿದು, ಕೊಡಬೇಕಾದ ಶಾಖವನ್ನೆಲ್ಲ ಕೊಟ್ಟೇ ಹೊರಗೆ ಹೋಗುತ್ತದೆ. ಇಬ್ಬರಿಗೆ ಮೇಲ್ಪಟ್ಟು ಅಡುಗೆ ಮಾಡುವವರಿಗೆ ನಾನು ಅಗಲ ಪಾತ್ರೆಯನ್ನೇ ಕೊಡುತ್ತೇನೆ.

ಟೈಟಾನಿಯಂ ಬೇಕೆಂದು ಬರುವವರು ಹೆಚ್ಚುತ್ತಿದ್ದಾರೆ. ಟೈಟಾನಿಯಂ ಅಲ್ಯೂಮಿನಿಯಂಗಿಂತ ಭಾರದ ಲೋಹವೇ. ಆದರೆ ಗಟ್ಟಿಯಾದ್ದರಿಂದ ಬಹಳ ತೆಳುವಾಗಿ ಪಾತ್ರೆ ಮಾಡಬಹುದು, ಅದರಿಂದ ತೂಕ ಇಳಿಯುತ್ತದೆ. ಶಾಖವನ್ನು ಹರಡುವುದರಲ್ಲಿ ಮಾತ್ರ ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ಹತ್ತು ಪಟ್ಟು ಮುಂದು. ಬರೀ ನೀರು ಕಾಯಿಸಿ ಅವಲಕ್ಕಿಗೆ ಸುರಿಯುವವರಿಗೆ ಟೈಟಾನಿಯಂ ಅಡ್ಡಿಯಿಲ್ಲ. ಗಂಜಿ ಬೇಯಿಸುವವರಿಗೆ ಬೇಡ: ಬರ್ನರಿನ ನೇರ ಮೇಲೆ ತಳ ಹಿಡಿಯುತ್ತದೆ, ಅಂಚಿನಲ್ಲಿ ಅಕ್ಕಿ ಹಾಗೇ ಉಳಿದಿರುತ್ತದೆ. ಹಾಗೆಂದು ಲೇಪವಿಲ್ಲದ ಬರಿ ಅಲ್ಯೂಮಿನಿಯಂ ಕೂಡ ನಮ್ಮ ಊಟಕ್ಕೆ ಒಗ್ಗುವುದಿಲ್ಲ. ಅಪ್ಪೆಹುಳಿಯನ್ನೋ ಮುರುಗಲು ಹಾಕಿದ ಸಾರನ್ನೋ ಅದರಲ್ಲಿ ರಾತ್ರಿಯಿಡೀ ಬಿಟ್ಟರೆ ಹುಳಿಯೂ ಉಪ್ಪೂ ಸೇರಿ ಲೋಹವನ್ನು ತಿನ್ನುತ್ತವೆ, ಸಾರಿಗೆ ಲೋಹದ ರುಚಿ ಬರುತ್ತದೆ. ಹಾರ್ಡ್ ಅನೋಡೈಸ್ ಆದ, ಅಂದರೆ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬರಿಸಿದ, ಕಡುಬೂದು ಬಣ್ಣದ ಪಾತ್ರೆ ಇದನ್ನು ಚೆನ್ನಾಗಿ ತಾಳುತ್ತದೆ.

ಇನ್ನು ಗಾಳಿ ತಡೆ. ನಾನು ಅತಿ ಹೆಚ್ಚು ಸಮಯ ಕೊಟ್ಟಿರುವುದು ಇದಕ್ಕೇ. ಮುದ್ರಣಾಲಯಗಳಲ್ಲಿ ಬಳಸಿ ಬಿಟ್ಟ ಆಫ್‌ಸೆಟ್ ಪ್ಲೇಟು ಇದಕ್ಕೆ ಹೇಳಿ ಮಾಡಿಸಿದ ವಸ್ತು: ತೆಳು ಅಲ್ಯೂಮಿನಿಯಂ, ಕತ್ತರಿಯಿಂದ ಕತ್ತರಿಸಬಹುದು, ಸುತ್ತಿ ಪಾತ್ರೆಯೊಳಗೆ ಇಡಬಹುದು. ಶಾಯಿಯನ್ನು ಪೂರ್ತಿ ತೊಳೆದು ತೆಗೆಯಬೇಕು. ಸತು ಲೇಪಿಸಿದ ಕಬ್ಬಿಣದ ತಗಡನ್ನು, ಅಂದರೆ ಜಿಐ ಶೀಟನ್ನು, ಉರಿಯ ಹತ್ತಿರ ತರಬೇಡಿ, ಬಿಸಿಯೇರಿದರೆ ಅದರ ಸತುವಿನ ಹೊಗೆ ಉಸಿರಿಗೆ ಕೆಟ್ಟದ್ದು.

ಆದರೆ ಡಬ್ಬಿಯ ತಲೆಯ ಮೇಲೆ ಕೂರುವ ಒಲೆಗೆ ಸುತ್ತಲೂ ತಗಡು ಸುತ್ತುವುದನ್ನು ನಾನು ಯಾರಿಗೂ ಮಾಡಿಕೊಡುವುದಿಲ್ಲ. ನೀರಿಗೆ ತಲುಪದ ಶಾಖ ಆಗ ಕೆಳಗಿನ ಡಬ್ಬಿಗೆ ಹೋಗುತ್ತದೆ. 50 ಡಿಗ್ರಿ ದಾಟಬಾರದೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಬಿಸಿಲಿಗಿಟ್ಟ ಡಬ್ಬಿ ಒಲೆ ಹಚ್ಚುವ ಮೊದಲೇ ಆ ಹಾದಿಯಲ್ಲಿ ಸಾಕಷ್ಟು ದೂರ ಹೋಗಿರುತ್ತದೆ. ನಾನು ಮಾಡುವುದು ಇಷ್ಟು: ಬರ್ನರಿನ ಕೆಳಗೆ ಅಂಗೈ ಅಗಲದ ಒಂದು ತಟ್ಟೆ, ಅದರ ಮೇಲೆ ಗಾಳಿ ಬರುವ ಕಡೆ ಮಾತ್ರ ಅರ್ಧಚಂದ್ರಾಕಾರದ ತಡೆ. ಡಬ್ಬಿ ತಟ್ಟೆಯ ಕೆಳಗೆ ತೆರೆದ ಗಾಳಿಯಲ್ಲಿ ತಣ್ಣಗಿರುತ್ತದೆ. ನಡುನಡುವೆ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡಬೇಕು, ಬಿಸಿ ತಟ್ಟಿದರೆ ಒಲೆ ಆರಿಸಲೇಬೇಕು. ಪೂರ್ತಿ ಸುತ್ತುವ ತಡೆಯೇ ಬೇಕೆನ್ನುವವರು ಕೊಳವೆಯಿಂದ ಡಬ್ಬಿ ದೂರವಿರುವ ಒಲೆಯನ್ನು ಒಯ್ಯಲಿ.

ಡಬ್ಬಿಯನ್ನು ಬಿಸಿ ಮಾಡಲೆಂದು ಬರ್ನರಿನಿಂದ ಇಳಿಬಿಡುವ ತಾಮ್ರದ ಪಟ್ಟಿಯನ್ನೂ ಕೆಲವರು ಕೇಳುತ್ತಾರೆ. ಬ್ಯುಟೇನ್ ಆವಿಯಾಗುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ, ಅದಕ್ಕಿಂತ ಚಳಿಯಾದರೆ ಒಲೆ ಉರಿಯುವುದಿಲ್ಲ ಎಂಬುದು ನಿಜ. ಪ್ರೊಪೇನ್ ಆದರೆ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮಾಲಯಕ್ಕೆ ಹೋಗುವವರು ಐಸೋಬ್ಯುಟೇನ್ ಮತ್ತು ಪ್ರೊಪೇನ್ ಬೆರೆತ ಡಬ್ಬಿಯನ್ನು ಅಲ್ಲಿಯೇ ಕೊಳ್ಳಲಿ. ಶಿರಸಿಯ ಪುಷ್ಯದ ಬೆಳಗಿನ ಚಳಿಗೂ ಈ ಪಟ್ಟಿ ಬೇಕಾಗಿಲ್ಲ, ಕುಮಟಾದ ಬಿಸಿಲಿಗಂತೂ ಅದು ಅಪಾಯ.

ಕಡಲ ಬದಿಯ ಇನ್ನೊಂದು ವಿಷಯ ಉರಿಯ ಬಣ್ಣ. ಗೋಕರ್ಣದಿಂದ ಮರಳಿದವರು ಉರಿ ಕಿತ್ತಳೆಯಾಗಿತ್ತು, ಒಲೆ ಕೆಟ್ಟಿದೆ ಎಂದು ದೂರುತ್ತಾರೆ. ಬಹಳ ಸಲ ಅದು ಗಾಳಿಯಲ್ಲಿನ ಉಪ್ಪು, ಸೋಡಿಯಂ ಉರಿಗೆ ಆ ಬಣ್ಣ ಕೊಡುತ್ತದೆ. ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ತಳ ಸ್ವಚ್ಛವಿದ್ದರೆ ಚಿಂತೆಯಿಲ್ಲ. ಮಸಿ ಹಿಡಿದಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಅಂದರೆ ಇಲ್ಲಿ ಶಾಖ ಹುಟ್ಟಿಯೇ ಇಲ್ಲ. ಅದರ ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತಿರುತ್ತದೆ. ಶಾಖವನ್ನು ಹೆಚ್ಚು ಹೀರಲೆಂದು ತಳಕ್ಕೆ ಲೋಹದ ರೆಕ್ಕೆಗಳಿರುವ ಪಾತ್ರೆಯನ್ನು ಅದಕ್ಕಾಗಿ ಮಾಡದ ಒಲೆಯ ಮೇಲಿಟ್ಟರೆ ಉರಿಗೆ ಜಾಗ ಸಾಲದೆ ಹೀಗೆಯೇ ಆಗಬಹುದು. ಮಳೆ ಬಂತೆಂದು ಡೇರೆಯೊಳಗೆ ಒಲೆ ಹಚ್ಚುವವರನ್ನು ನೆನೆದರೆ ನನಗೆ ಇಂದಿಗೂ ಎದೆ ನಡುಗುತ್ತದೆ. ದಯವಿಟ್ಟು ಹಚ್ಚಬೇಡಿ. ತಣ್ಣೀರಿನಲ್ಲಿ ನೆನೆಸಿದ ಅವಲಕ್ಕಿಯಿಂದ ಒಂದು ಹೊತ್ತು ಕಳೆಯಬಹುದು.

ಗ್ಯಾಸ್ ಹೊರಬರುವ ಜೆಟ್ಟಿನ ತೂತಿಗೆ ಮರಳು ಸಿಕ್ಕಿದಾಗ ಸೀಮೆಎಣ್ಣೆ ಸ್ಟವ್ ಬಳಸಿದ ಕೈಗಳು ತಾವಾಗಿಯೇ ಪಿನ್ನು ಹುಡುಕುತ್ತವೆ. ಗ್ಯಾಸ್ ಒಲೆಯ ಜೆಟ್ಟು ಕೂದಲೆಳೆಯಷ್ಟು ಸಣ್ಣದು. ಪಿನ್ನು ಹಾಕಿದರೆ ತೂತು ದೊಡ್ಡದಾಗಿ, ಹೆಚ್ಚು ಗ್ಯಾಸ್ ನುಗ್ಗಿ, ಉರಿ ಹಳದಿಯಾಗುತ್ತದೆ. ಜೆಟ್ಟನ್ನು ಬಿಚ್ಚಿ, ನೆನೆಸಿ, ಗಾಳಿ ಊದಿ ಬಿಡಿಸುವುದೇ ಸರಿ. ಮರಳಿ ಜೋಡಿಸಿದ ಮೇಲೆ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡದೆ ಯಾವ ಒಲೆಯೂ ನಮ್ಮ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ. ಮನೆಯ ಸಿಲಿಂಡರಿನಿಂದ ತುಂಬಿಸಿದ ಡಬ್ಬಿಯನ್ನು ಯಾರಾದರೂ ತಂದರೆ ಅದಕ್ಕೆ ನಮ್ಮ ಒಲೆಯನ್ನು ಜೋಡಿಸಲು ಬಿಡುವುದಿಲ್ಲ. ಒಂದೇ ಸಲದ ಬಳಕೆಗೆಂದು ಮಾಡಿದ ತೆಳು ಡಬ್ಬಿ ಅದು.

ಈಗ ನನ್ನ ಮೇಜಿನ ಮೇಲಿರುವ ಪ್ರಯೋಗ ಕುಚ್ಚಲಕ್ಕಿಯದು. ನಮ್ಮಲ್ಲಿ ಒಲೆ ಪಡೆಯುವ ಗೈಡುಗಳಲ್ಲಿ ಕರಾವಳಿಯವರೇ ಹೆಚ್ಚು. "ನೀರು ಕಾಯಿಸುವ ಲೆಕ್ಕ ನಿಮ್ಮದಿರಲಿ ಮಾರಾಯರೆ, ನಮಗೆ ರಾತ್ರಿ ಗಂಜಿ ಬೇಕು" ಎಂದು ಅವರಲ್ಲೊಬ್ಬರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆ ಅಕ್ಕಿ ಬೇಯುವಷ್ಟು ಹೊತ್ತು ಒಲೆ ಉರಿಸಿದರೆ ಡಬ್ಬಿ ಎರಡು ದಿನವೂ ಬಾಳುವುದಿಲ್ಲ. ತಗಡಿನ ಮಾಡಿನ ಅಡಿಗೆ ಹಾಕುವ ಬೆಳ್ಳಿ ಬಣ್ಣದ ಗುಳ್ಳೆಹಾಳೆಯಿಂದ ಪಾತ್ರೆಗೆ ಒಂದು ಚೀಲ ಹೊಲಿದಿದ್ದೇನೆ. ಬೆಳಿಗ್ಗೆಯೇ ನೆನೆಹಾಕಿದ ಅಕ್ಕಿಯನ್ನು ಸಂಜೆ ಹತ್ತು ನಿಮಿಷ ಕುದಿಸಿ, ಒಲೆಯಿಂದ ಇಳಿಸಿ, ಆ ಚೀಲದಲ್ಲಿ ಮುಕ್ಕಾಲು ಗಂಟೆ ಮುಚ್ಚಿಡುತ್ತೇನೆ. ಆಮೇಲೆ ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕುದಿ ಬರಿಸಿದರೆ ಕಾಳು ಮೆತ್ತಗಾಗುತ್ತದೆ. ಒಬ್ಬರಿಗೆ ಆಗುವಷ್ಟು ಅಕ್ಕಿಯಲ್ಲಿ ಇದು ಸರಿಬಂದಿದೆ. ನಾಲ್ಕು ಜನರ ಪಾತ್ರೆಯಲ್ಲಿ ನಡುವಿನ ಕಾಳು ಇನ್ನೂ ಗಟ್ಟಿಯೇ ಉಳಿಯುತ್ತಿದೆ. ಮುಚ್ಚಳದ ಮೇಲೂ ಎರಡು ಪದರ ಹಾಳೆ ಹಾಕಿ ಈ ವಾರ ನೋಡುತ್ತಿದ್ದೇನೆ.