‘ಹಿಂದಿನ ಕಾಲವೇ ಚೆನ್ನಾಗಿತ್ತಲ್ಲವೇ ಟೀಚರ್?’

ಈ ಪ್ರಶ್ನೆಯನ್ನು ನನಗೆ ವರ್ಷವಿಡೀ ಕೇಳುತ್ತಾರೆ, ಆದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ, ತುಳುವರ ಆಟಿ ತಿಂಗಳಿನಲ್ಲಿ ಅದರ ಹಾವಳಿ ವಿಪರೀತ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಆ ತಿಂಗಳ ಯಾವ ಭಾನುವಾರವೂ ‘ಆಟಿಡೊಂಜಿ ದಿನ’ದ, ಎಂದರೆ ಆಟಿಯಲ್ಲೊಂದು ದಿನದ, ಕಾರ್ಯಕ್ರಮವಿಲ್ಲದೆ ಕಳೆಯುವುದಿಲ್ಲ. ಜಾತಿ ಸಂಘಗಳು, ಮಹಿಳಾ ಮಂಡಲಗಳು, ನಿವೃತ್ತ ನೌಕರರ ಬಳಗಗಳು, ಅಪಾರ್ಟ್‌ಮೆಂಟಿನ ನಿವಾಸಿಗಳು, ಎಲ್ಲರೂ ಮಾಡುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು, ಹಳ್ಳಿಯಲ್ಲಿ ಹುಟ್ಟಿದವಳು, ತುಳುವಿನಲ್ಲೂ ಕನ್ನಡದಲ್ಲೂ ತಡವರಿಸದೆ ಮಾತನಾಡಬಲ್ಲವಳು, ಮುಖ್ಯವಾಗಿ ಸಂಭಾವನೆ ಕೇಳದವಳು. ಆದ್ದರಿಂದ ನನ್ನನ್ನು ಕರೆಯುತ್ತಾರೆ. ದೀಪ ಬೆಳಗಿ, ಅಳತೆಯ ಕಳಸೆಗೆ ಭತ್ತ ಸುರಿದು, ಫೋಟೊ ಮುಗಿದ ಮೇಲೆ ಮೈಕ್ ಹಿಡಿದ ನಿರೂಪಕಿ ನನ್ನತ್ತ ತಿರುಗಿ ಕೇಳುವ ಮೊದಲ ಮಾತೇ ಇದು. ಅದನ್ನು ಪ್ರಶ್ನೆಯೆಂದು ಕರೆಯುವುದು ಬರೀ ಸೌಜನ್ಯಕ್ಕೆ. ಉತ್ತರವನ್ನು ಅವರೇ ಬರೆದು ತಂದಿರುತ್ತಾರೆ, ನನ್ನ ಕೆಲಸ ಅದಕ್ಕೆ ಸಹಿ ಹಾಕುವುದಷ್ಟೇ.

ನಕ್ಕು ಮಾತು ಮರೆಸುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಆದ್ದರಿಂದ ಬರೆದೇ ಹೇಳುತ್ತೇನೆ: ಇಲ್ಲ, ಚೆನ್ನಾಗಿರಲಿಲ್ಲ. ‘ಯಾರಿಗೆ ಚೆನ್ನಾಗಿತ್ತು?’ ಎಂದು ಮರುಪ್ರಶ್ನೆ ಎಸೆದು ಚಪ್ಪಾಳೆ ಗಿಟ್ಟಿಸುವ ಭಾಷಣಕಾರರೂ ಇದ್ದಾರೆ. ಸಭೆ ನಿಜಕ್ಕೂ ಚಪ್ಪಾಳೆ ತಟ್ಟುತ್ತದೆ, ಏಕೆಂದರೆ ಅನ್ಯಾಯ ಮಾಡಿದವರು ತಮ್ಮ ಮನೆಯವರಲ್ಲವೆಂದು ಅಲ್ಲಿ ಕುಳಿತ ಪ್ರತಿಯೊಬ್ಬರಿಗೂ ಖಾತ್ರಿಯಿರುತ್ತದೆ.

ಆಟಿ ಎಂದರೇನೆಂದು ಆಟಿಯ ಕಾರ್ಯಕ್ರಮದಲ್ಲಿಯೇ ವಿವರಿಸಬೇಕಾಗಿ ಬರುವುದು ವಿಚಿತ್ರ. ಮಳೆಗಾಲದ ಭತ್ತದ ಬೆಳೆಯಾದ ಏಣಿಲಿನ ನಾಟಿ ಮುಗಿದು ಗದ್ದೆಯ ಕೆಲಸ ನಿಂತಿರುತ್ತಿತ್ತು, ಕೆಲಸದೊಂದಿಗೆ ಕೂಲಿಯೂ ನಿಂತಿರುತ್ತಿತ್ತು. ಹಳೆಯ ಅಕ್ಕಿ ತಳ ಕಂಡಿರುತ್ತಿತ್ತು, ಹೊಸ ತೆನೆ ಇನ್ನೂ ಹೊಡೆಯೊಡೆದಿರುತ್ತಿರಲಿಲ್ಲ. ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವ ಊರಿನಲ್ಲಿ, ಸೋರುವ ಮುಳಿಹುಲ್ಲಿನ ಮಾಡಿನ ಕೆಳಗೆ ಜ್ವರ, ಭೇದಿ, ಕಜ್ಜಿ ಇಲ್ಲದ ಮನೆ ಇರಲಿಲ್ಲ. ಮದುವೆಗಳಿಗೆ ಆಟಿ ಆಗದು ಎಂದದ್ದೂ, ಆಟಿ ಅಮಾವಾಸ್ಯೆಯಂದು ನಸುಕಿನಲ್ಲಿ ಹಾಲೆ ಮರದ ತೊಗಟೆ ಜಜ್ಜಿ ಕಹಿ ಕಷಾಯ ಕುಡಿದದ್ದೂ, ಮಾರಿ ಕಳೆಯಲೆಂದು ತಾಳೆಗರಿಯ ಕೊಡೆ ಹಿಡಿದು ಆಟಿ ಕಳೆಂಜ ಮನೆಮನೆಗೆ ಬಂದದ್ದೂ ಈ ಹಿನ್ನೆಲೆಯಲ್ಲಿ. ಕಳೆಂಜನ ವೇಷ ಕಟ್ಟುತ್ತಿದ್ದ ನಲಿಕೆ ಸಮುದಾಯದವರಿಗೆ ಆ ತಿರುಗಾಟ ಬರಗಾಲದ ತಿಂಗಳಲ್ಲಿ ಅಕ್ಕಿಯ ದಾರಿಯೂ ಆಗಿತ್ತು. ಈಗ ಕಾಲೇಜಿನ ಹುಡುಗರು ವೇದಿಕೆಯಲ್ಲಿ ಕಳೆಂಜನಾಗಿ ಕುಣಿಯುತ್ತಾರೆ, ಚೆನ್ನಾಗಿಯೇ ಕುಣಿದು ಟ್ರೋಫಿ ಒಯ್ಯುತ್ತಾರೆ.

ಊಟದ ಪಟ್ಟಿಯನ್ನು ನೋಡಿ. ತಜಂಕಿನ ಪಲ್ಯ: ಬಿತ್ತದೆ ಬೇಲಿಯ ಬದಿಯಲ್ಲಿ ಹುಟ್ಟುವ ಸೊಪ್ಪು. ಪತ್ರೊಡೆಯ ಕೆಸು ತೋಡಿನ ಬದಿಯದು, ಕಣಿಲೆ ಬಿದಿರು ಮೆಳೆಯದು. ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಉಪ್ಪುನೀರಿನ ಮಾವಿನಕಾಯಿ, ಒಣಮೀನು, ಇವೆಲ್ಲ ಬೇಸಿಗೆಯಲ್ಲಿಯೇ ಮುಂದಿನ ಹಸಿವನ್ನು ಲೆಕ್ಕ ಹಾಕಿ ಎತ್ತಿಟ್ಟವು. ಗದ್ದೆಯಲ್ಲಿ ಬೆಳೆದದ್ದು ಆ ಪಟ್ಟಿಯಲ್ಲಿ ಎಷ್ಟಿದೆ ಎಂದು ಹುಡುಕಿದರೆ ಆಟಿ ಏನೆಂಬುದು ತಾನಾಗಿ ಅರ್ಥವಾಗುತ್ತದೆ. ಬೈನೆ ಮರದ ತಿರುಳು ಕುಟ್ಟಿ ತೆಗೆದ ಹಿಟ್ಟನ್ನು ಬಡಿಸಿದ್ದನ್ನಂತೂ ನಾನು ಯಾವ ಸಭಾಂಗಣದಲ್ಲಿಯೂ ಕಂಡಿಲ್ಲ. ಅಷ್ಟು ಕೆಳಗಿನ ಹಸಿವು ನಿರೂಪಕಿಯರಿಗೆ ಬೇಕಾಗಿಲ್ಲ.

ಒಂದು ವರ್ಷ ಮಂಗಳೂರಿನ ಹವಾನಿಯಂತ್ರಿತ ಸಭಾಂಗಣವೊಂದರಲ್ಲಿ ನಡೆದದ್ದನ್ನು ಹೇಳದೆ ಮುಂದುವರಿಯಲಾರೆ. ಬಾಗಿಲಲ್ಲಿ ‘ಮೂವತ್ತೆರಡು ಬಗೆಯ ಆಟಿ ಖಾದ್ಯ’ ಎಂಬ ಫ್ಲೆಕ್ಸ್ ಇತ್ತು. ಎರಡನೆಯ ಬಗೆಯೇ ಕಾಣಸಿಗದಿದ್ದ ತಿಂಗಳ ಗೌರವಾರ್ಥ ಮೂವತ್ತೆರಡು ಬಗೆ! ನಾನು ಗೇಣಿಯ ಮಾತು ತೆಗೆದು ಐದು ನಿಮಿಷವೂ ಆಗಿರಲಿಲ್ಲ, ಸಂಘಟಕರೊಬ್ಬರು ವೇದಿಕೆಯ ಬದಿಯಿಂದ ಚೀಟಿಯೊಂದನ್ನು ಸರಿಸಿದರು. ‘ಸ್ವಲ್ಪ ಪಾಸಿಟಿವ್ ಆಗಿ ಮುಗಿಸಿ ಟೀಚರ್, ಪತ್ರೊಡೆ ತಣಿಯುತ್ತಿದೆ’ ಎಂದಿತ್ತು. ಅದನ್ನು ಮೈಕಿನಲ್ಲಿಯೇ ಓದಿ ಹೇಳಿ ಕುಳಿತುಬಿಟ್ಟೆ. ಸಭೆ ನಕ್ಕಿತು, ಸಂಘಟಕರು ನಗಲಿಲ್ಲ, ಮರುವರ್ಷ ಅವರು ಕರೆಯಲೂ ಇಲ್ಲ. ಪತ್ರೊಡೆ ಬಿಸಿಯಾಗಿಯೇ ಇತ್ತು, ರುಚಿಯಾಗಿಯೂ ಇತ್ತು, ನಾನು ಎರಡನೆಯ ಸಲ ಹಾಕಿಸಿಕೊಂಡೆ. ನನ್ನನ್ನು ತುಳು ಸಂಸ್ಕೃತಿಯ ವಿರೋಧಿಯೆಂದು ಸಾರುತ್ತಿರುವ ಮಹನೀಯರು ದಯವಿಟ್ಟು ಇದನ್ನೂ ದಾಖಲಿಸಿಕೊಳ್ಳಬೇಕು.

ಅಂದು ಊಟಕ್ಕೆ ಪಕ್ಕದಲ್ಲಿ ಕುಳಿತವರು ಬ್ಯಾಂಕಿನ ನಿವೃತ್ತ ಅಧಿಕಾರಿ. ಸಜ್ಜನರು. ‘ಬಡತನ ಇತ್ತು, ಒಪ್ಪೋಣ. ಆದರೆ ಮನುಷ್ಯರಲ್ಲಿ ನಂಬಿಕೆ ಇತ್ತಲ್ಲ, ಆಗ ಮನೆಗೆ ಬೀಗ ಹಾಕುವ ಪದ್ಧತಿಯೇ ಇರಲಿಲ್ಲ’ ಎಂದರು. ಮುಂಬಾಗಿಲಿಗೆ ಇರಲಿಲ್ಲ ಎಂಬುದು ನಿಜ. ಅಕ್ಕಿ ತುಂಬಿಡುವ ಮರದ ದೊಡ್ಡ ಪೆಟ್ಟಿಗೆಗೆ, ನಾವು ಕಲೆಂಬಿ ಎನ್ನುವುದಕ್ಕೆ, ಬೀಗ ಇತ್ತು. ನಮ್ಮಲ್ಲಿ ಅದರ ಕೀಲಿಕೈ ದೊಡ್ಡಮ್ಮನ ಸೊಂಟದಲ್ಲಿರುತ್ತಿತ್ತು, ಗಂಜಿಗೆ ಅಕ್ಕಿ ಬೇಕಾದರೆ ಅವರು ಬಂದು ಅಳೆದು ಕೊಡಬೇಕಿತ್ತು. ದಾರಿಹೋಕರ ಮೇಲೆ ಅಪಾರ ನಂಬಿಕೆಯಿದ್ದ ಮನೆ ತನ್ನ ಸೊಸೆಯಂದಿರಿಂದ ಅಕ್ಕಿಯನ್ನು ಕಾಪಾಡಿಕೊಳ್ಳುತ್ತಿತ್ತು. ಗಂಡಸರು ಉಂಡು, ಮಕ್ಕಳು ಉಂಡು, ಕೊನೆಯಲ್ಲಿ ಹೆಂಗಸರು ಪಾತ್ರೆಯ ಸುತ್ತ ಕುಳಿತಾಗ ಅದರಲ್ಲಿ ಗಂಜಿಯ ತೆಳಿನೀರೇ ಹೆಚ್ಚಾಗಿರುತ್ತಿತ್ತು. ಇನ್ನು, ಊರಿಗೊಂದರಂತೆ ಇದ್ದ, ಸಿರಿವಂತ ಭೂಮಾಲಿಕರ ಗುತ್ತಿನ ಮನೆಗಳಲ್ಲಿಯೇ ಇಡೀ ಜಿಲ್ಲೆಯ ಜನ ಹುಟ್ಟಿ ಬೆಳೆದಂತೆ ಈಗಿನ ನೆನಪುಗಳು ಇರುವುದು ಹೇಗೆ ಎಂಬುದು ನನಗೆ ಬಿಡಿಸಲಾಗದ ಒಗಟು.

ನನ್ನನ್ನು ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ‘ಆಟಿಯಲ್ಲಿ ನಿಮ್ಮ ಮನೆಗೆ ಅಕ್ಕಿ ಎಲ್ಲಿಂದ ಬರುತ್ತಿತ್ತು?’ ಎಂದು ಯಾರಾದರೂ ಕೇಳಿದರೆ ನಾನು ಚೀಟಿ ಬರುವವರೆಗೂ ಮಾತನಾಡಬಲ್ಲೆ, ಚೀಟಿ ಬಂದ ಮೇಲೆಯೂ ಮಾತನಾಡಬಲ್ಲೆ.

ನಮ್ಮದು ಉಡುಪಿಯ ಪೂರ್ವಕ್ಕಿರುವ ಹಳ್ಳಿಯಲ್ಲಿ ಚಾಲಗೇಣಿಯ ಒಕ್ಕಲು. ಮೂಲಗೇಣಿಯವರಿಗೆ ಭೂಮಿ ವಂಶಪಾರಂಪರ್ಯವಾಗಿ ನಿಂತಿರುತ್ತಿತ್ತು, ಗೇಣಿಯೂ ನಿಗದಿಯಾಗಿರುತ್ತಿತ್ತು. ಚಾಲಗೇಣಿಯವರು ಧಣಿಯ ಮರ್ಜಿ ಇರುವವರೆಗೆ ಮಾತ್ರ ಉಳುವವರು. ಗೇಣಿ ಸಲ್ಲಬೇಕಾದದ್ದು ಅಕ್ಕಿಯ ಮುಡಿಗಳಲ್ಲಿ, ಅದರ ಮೇಲೆ ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿಗಳ ಹೊರೆಕಾಣಿಕೆ ಬೇರೆ. ಬೈಹುಲ್ಲಿನಿಂದ ಮುಡಿ ಕಟ್ಟುವ ಕೈಚಳಕವನ್ನು ಈಗ ಕಲೆಯೆಂದು ವೇದಿಕೆಯಲ್ಲಿ ತೋರಿಸಿ ಶಾಲು ಹೊದಿಸುತ್ತಾರೆ. ನನ್ನ ಅಜ್ಜ ಆ ಕಲೆಯಲ್ಲಿ ನಿಪುಣರು, ಆದರೆ ಅವರು ಕಟ್ಟಿದ ಮುಡಿಗಳಲ್ಲಿ ಹೆಚ್ಚಿನವು ನಮ್ಮ ಅಂಗಳ ದಾಟಿ ಹೋಗುತ್ತಿದ್ದವು. ಆಟಿ ಬಂದಾಗ ಅದೇ ಧಣಿಯ ಮನೆಯಿಂದ ಅದೇ ಅಕ್ಕಿಯನ್ನು ಸಾಲವಾಗಿ ಹೊತ್ತು ತರುತ್ತಿದ್ದೆವು, ಕೊಯಿಲಾದ ಮೇಲೆ ಬಡ್ಡಿಯ ಅಕ್ಕಿ ಸೇರಿಸಿ ಹಿಂದಿರುಗಿಸುತ್ತಿದ್ದೆವು. ನಮ್ಮ ಗದ್ದೆಯ ಅಕ್ಕಿ ನಮ್ಮ ಮನೆಗೆ ಬರಲು ಹೀಗೆ ಊರೆಲ್ಲ ಸುತ್ತಿ, ಬಡ್ಡಿ ಕಟ್ಟಿಸಿಕೊಂಡು ಬರಬೇಕಿತ್ತು.

ಇಲ್ಲಿಗೆ ನಿಲ್ಲಿಸಿದರೆ ಸಭಿಕರಿಗೆ ಹಿತವಾಗುತ್ತದೆ, ಪಾಪ ಟೀಚರ್ ಎಷ್ಟು ಕಷ್ಟಪಟ್ಟರೆಂದು ಕಣ್ಣೊರೆಸಿಕೊಳ್ಳಬಹುದು. ಆದರೆ ನಮ್ಮ ಗದ್ದೆಯಲ್ಲಿ ನೇಜಿ, ಎಂದರೆ ಭತ್ತದ ಸಸಿ, ನೆಡುತ್ತಿದ್ದ ದಲಿತ ಹೆಂಗಸರಿಗೆ ಗಂಜಿಯನ್ನು ಅಂಗಳದ ಆಚೆ, ಅಡಿಕೆ ಹಾಳೆಗೆ, ಎತ್ತರದಿಂದ ಸುರಿಯುತ್ತಿದ್ದವರು ಯಾವ ಧಣಿಯೂ ಅಲ್ಲ, ನಮ್ಮ ಮನೆಯವರೇ. ನಾಟಿ ಮುಗಿದ ಮರುದಿನದಿಂದ ಅವರ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಅದನ್ನು ನಮ್ಮೂರಿನಲ್ಲಿ ‘ಡಿಕ್ಲರೇಶನ್ ಕೊಡುವುದು’ ಎನ್ನುತ್ತಿದ್ದರು. ಅನ್ನ ಕೊಟ್ಟ ಮನೆಯ ವಿರುದ್ಧ ಕಾಗದ ಹಾಕುವುದೇ ಎಂದು ಅಜ್ಜ ಹಿಂಜರಿದರು, ಆ ಅನ್ನವನ್ನು ಬೆಳೆದವರು ಯಾರೆಂದು ಚಿಕ್ಕಪ್ಪ ಜಗಳವಾಡಿದರು, ಕೊನೆಗೆ ಚಿಕ್ಕಪ್ಪನೇ ತಾಲೂಕಿನ ಭೂನ್ಯಾಯ ಮಂಡಳಿಗೆ ಅಲೆದರು. ನಮ್ಮ ಕಲೆಂಬಿಯಲ್ಲಿ ಆಟಿಗೂ ಅಕ್ಕಿ ಉಳಿಯತೊಡಗಿದ್ದು ಆ ಮೇಲೆ. ಎರಡೇ ಗದ್ದೆಯನ್ನು ಗೇಣಿಗೆ ಕೊಟ್ಟು ಅದರಲ್ಲಿಯೇ ಬದುಕುತ್ತಿದ್ದ ವಿಧವೆಯರೂ ಭೂಮಿ ಕಳೆದುಕೊಂಡರು. ಅಂಥ ಮನೆಯವರು ಹಿಂದಿನ ಕಾಲವನ್ನು ನೆನೆದು ನಿಟ್ಟುಸಿರಿಟ್ಟರೆ ನಾನು ವ್ಯಂಗ್ಯವಾಡುವುದಿಲ್ಲ. ಅವರು ಕಳೆದುಕೊಂಡದ್ದಕ್ಕೆ ಸರ್ವೆ ನಂಬರ್ ಇದೆ. ನೇಜಿ ನೆಟ್ಟವರ ಬಳಿ ಗೇಣಿಚೀಟಿಯೂ ಇರಲಿಲ್ಲ, ಆದ್ದರಿಂದ ಅವರಿಗೆ ಏಳನೆಯ ನಮೂನೆಯೂ ಇರಲಿಲ್ಲ. ಜೀತವನ್ನು ರದ್ದುಪಡಿಸಿದ ಕಾಯಿದೆ 1976ರದ್ದು. ಆದಿವಾಸಿಗಳಾದ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ತಮ್ಮ ರೋಗವನ್ನು ಅವರಿಗೆ ದಾಟಿಸುತ್ತೇವೆಂದು ನಂಬಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ರಾಜ್ಯ ಕಾಯಿದೆ ಮಾಡಿದ್ದು 2000ದಲ್ಲಿ, ಎಂದರೆ ಕೊಂಕಣ ರೈಲು ಮುಂಬಯಿಯವರೆಗೂ ಓಡತೊಡಗಿ ಎರಡು ವರ್ಷಗಳಾದ ಮೇಲೆ. ‘ಆ ಕಾಲ’ ಅಷ್ಟೇನೂ ದೂರವಿಲ್ಲ.

ಆಟಿಯ ಹಸಿವು ಕಡಿಮೆಯಾದದ್ದು ಭೂಮಿಯಿಂದ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿಯ ಉಪ್ಪಿಟ್ಟು ಕೊಡುತ್ತಿದ್ದರು, ಅದರ ವಾಸನೆಗೇ ಹಾಜರಾತಿ ಹೆಚ್ಚುತ್ತಿತ್ತು. ಹೆಂಗಸರು ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದರು, ಸಾವಿರಕ್ಕೆ ಇಷ್ಟು ಎಂದು ಎಣಿಸಿ ಕೊಟ್ಟ ಆ ಹಣದಿಂದ ಅದೆಷ್ಟೋ ಮನೆಗಳ ಅಕ್ಕಿ, ಫೀಸು, ಮದುವೆಯ ಬಂಗಾರ ಬಂತು, ಅದರೊಂದಿಗೆ ಹೊಗೆಸೊಪ್ಪಿನ ದೂಳಿನ ಕೆಮ್ಮೂ ಬಂತು. ಬೀಡಿ ಕಟ್ಟುವ ಸೂಪನ್ನು, ಎಂದರೆ ಆ ಮೊರವನ್ನು, ಯಾವ ‘ಗತವೈಭವ’ದ ಪ್ರದರ್ಶನದಲ್ಲಿಯೂ ಭತ್ತದ ಕಳಸೆಯ ಪಕ್ಕದಲ್ಲಿಟ್ಟದ್ದನ್ನು ನಾನು ಕಂಡಿಲ್ಲ. ಆ ಬಗ್ಗೆ ಬರೆಯಲು ಇದೇ ಜಾಗವಾಗಿದ್ದರೆ ಇಲ್ಲಿಯೇ ಬರೆಯುತ್ತಿದ್ದೆ.

ನನ್ನನ್ನು ನಿಜವಾಗಿ ಕೆರಳಿಸುವುದು ಊಟದ ನಂತರದ ಮಾತು. ಪುಕ್ಕಟೆ ಸೊಪ್ಪನ್ನು ಸಂಸ್ಕೃತಿಯೆಂದು ಉಂಡ ಅದೇ ಜನ ಕೈ ತೊಳೆದು ಬಂದು, ಪುಕ್ಕಟೆ ಅಕ್ಕಿ ಕೊಟ್ಟು ಸರಕಾರ ಜನರನ್ನು ಸೋಮಾರಿಗಳನ್ನಾಗಿ ಮಾಡಿತೆನ್ನುತ್ತಾರೆ, ತೋಟಕ್ಕೆ ಆಳು ಸಿಗುವುದಿಲ್ಲವೆನ್ನುತ್ತಾರೆ. ಅನ್ನಭಾಗ್ಯ ಯೋಜನೆ ಶುರುವಾದದ್ದು 2013ರ ಜುಲೈನಲ್ಲಿ, ಅಂದರೆ ಮಳೆಗಾಲದಲ್ಲಿಯೇ. ಅದರಲ್ಲಿ ತಕರಾರು ತೆಗೆಯಬೇಕಾದದ್ದು ಇದೆ: ಕುಚ್ಚಲಕ್ಕಿ ಉಣ್ಣುವ ಈ ಎರಡು ಜಿಲ್ಲೆಗಳಿಗೆ ಕುಚ್ಚದ ಬೆಳ್ತಿಗೆ ಅಕ್ಕಿ ಹಂಚಿದರು, ಜನ ಕುಚ್ಚಲಕ್ಕಿಗಾಗಿ ಇಷ್ಟು ವರ್ಷ ಕೇಳುತ್ತಲೇ ಬಂದರು. ಆ ತಕರಾರನ್ನು ಎತ್ತಿದವರ ಜೊತೆ ನಾನೂ ಇದ್ದೇನೆ. ಆಟಿಯಲ್ಲಿ ಆಳಿನ ಮನೆಯವರು ಸಾಲಕ್ಕೆ ಬಂದು ಅಂಗಳದಲ್ಲಿ ನಿಲ್ಲುವುದು ತಪ್ಪಿಹೋಯಿತಲ್ಲ ಎಂಬ ಕೊರಗನ್ನು ಮಾತ್ರ ಯಾರೂ ಸಂಸ್ಕೃತಿಯ ಹೆಸರಿನಲ್ಲಿ ನನ್ನ ಮುಂದೆ ತರಬಾರದು.

ಬ್ಯಾಂಕಿನ ಆ ಅಧಿಕಾರಿಯನ್ನು ನಾನು ಅಂದು ಕೇಳಿಯೇಬಿಟ್ಟೆ: ನಿಮ್ಮ ಮನೆಗೆ ಆಟಿಯಲ್ಲಿ ಅಕ್ಕಿ ಎಲ್ಲಿಂದ ಬರುತ್ತಿತ್ತು? ಅವರು ಸ್ವಲ್ಪ ಹೊತ್ತು ಪಾಯಸ ಕಲಕಿದರು. ಆಮೇಲೆ ತಮ್ಮ ಅಣ್ಣನ ಕಥೆ ಹೇಳಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿ ಅಣ್ಣನನ್ನು ಊರಿನವರೊಬ್ಬರ ಜೊತೆ ಬೊಂಬಾಯಿಯ ಹೋಟೆಲಿಗೆ ಕಳುಹಿಸಿದ್ದರಂತೆ. ಕಪ್ಪು ತೊಳೆದು, ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದ ಆ ಹುಡುಗ ಕಳುಹಿಸುತ್ತಿದ್ದ ಮನಿಯಾರ್ಡರ್ ಬಂದ ದಿನ ಅಂಗಡಿಯಿಂದ ಅಕ್ಕಿ ಬರುತ್ತಿತ್ತಂತೆ. ಆ ದುಡ್ಡಿನಿಂದಲೇ ಇವರು ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದರು. ಇದನ್ನೆಲ್ಲ ಅವರು ಬೇಸರವಿಲ್ಲದೆ, ಅಡ್ಡದಾರಿ ಹಿಡಿಯದೆ, ಬೀಗ ಹಾಕದ ಮನೆಗಳ ಮಾತು ಮತ್ತೆ ಎತ್ತದೆ ಹೇಳಿದರು; ಬಡಿಸುವವರು ಎಲೆ ಎತ್ತಲು ಬಂದರೂ ಮುಗಿದಿರಲಿಲ್ಲ. ಅಣ್ಣ ಇಂಥ ಕಾರ್ಯಕ್ರಮಗಳಿಗೆ ಬರುತ್ತಾರೆಯೇ ಎಂದು ಕೇಳಿದೆ. ಮುಂಬಯಿಯಲ್ಲೂ ಆಟಿಡೊಂಜಿ ದಿನ ನಡೆಯುತ್ತದೆ, ಆದರೆ ಅಣ್ಣ ಹೋಗುವುದಿಲ್ಲ, ಅವರಿಗೆ ತಜಂಕು ಸೇರುವುದಿಲ್ಲ ಎಂದರು.

ಈ ವರ್ಷ ಆಮಂತ್ರಣ ಕೊಡಲು ಬಯಸುವವರಿಗೆ ತಿಳಿಸುವುದಿಷ್ಟು. ಅಕ್ಕಿ ಎಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆಯನ್ನು ನಿರೂಪಕಿಯ ಕಾಗದದಲ್ಲಿ ಬರೆದು, ನನ್ನೊಬ್ಬಳನ್ನು ಮಾತ್ರವಲ್ಲದೆ ವೇದಿಕೆಯ ಮೇಲಿರುವ ಅಧ್ಯಕ್ಷರನ್ನೂ ಉದ್ಘಾಟಕರನ್ನೂ ಸನ್ಮಾನಿತರನ್ನೂ ಕೇಳುವುದಾದರೆ ಬರುತ್ತೇನೆ. ಊಟಕ್ಕೆ ಮೊದಲು ಸಮಯವಿಲ್ಲವೆಂದಾದರೆ ಊಟದ ನಂತರ ಇಟ್ಟುಕೊಳ್ಳಿ. ಆಗ ಸಭಾಂಗಣದಲ್ಲಿ ಉಳಿಯುವವರು ಕುರ್ಚಿ ಜೋಡಿಸುವವರು ಮತ್ತು ಪಾತ್ರೆ ತೊಳೆಯುವವರು ಮಾತ್ರ ಎಂಬುದು ನನಗೆ ಗೊತ್ತಿದೆ. ನನ್ನ ಅಭ್ಯಂತರವಿಲ್ಲ, ಅವರನ್ನೂ ಕೇಳೋಣ.