ಡೂಡಲ್‌ಬಗರ್‌ಗೆ ಕೊನೆಗೂ ಕನ್ನಡ ಸಿಕ್ಕಿತು

ಬೇರೆ ಭಾಷೆಗಳ ಕಸುಬುದಾರರ ಹೆಸರುಗಳಿಗೆ ಕನ್ನಡ ಹುಡುಕಿ, ಒಂದೊಂದನ್ನು ಒಂದೊಂದು ಚೀಟಿಯಲ್ಲಿ ಬರೆದು ಕಂತೆ ಕಟ್ಟುತ್ತಿದ್ದೇನೆ. ‘ನೆಲ ಬಗೆಯುವವರು’ ಕಂತೆಯಲ್ಲಿ ಮೂರು ವಾರ ಕಾಡಿದ ಚೀಟಿ ನಿನ್ನೆ ರಾತ್ರಿ ಮುಗಿಯಿತು. ವೈಲ್ಡ್‌ಕ್ಯಾಟರ್ ಬೇಗ ದಾರಿಗೆ ಬಂದಿತ್ತು: ಯಾರೂ ತೈಲ ಕಾಣದ ಕಡೆ ಬಾವಿ ಕೊರೆಯುವ ಎದೆಗಾರ. ಹಳೆಯ ಗಣಿಗಳಲ್ಲಿ ಉಳಿದ ಚಿನ್ನ ಅರಸುವ ಆಸ್ಟ್ರೇಲಿಯಾದ ಫಾಸಿಕರ್‌ಗೆ ‘ಹೆಕ್ಕುವವನು’ ಎಂದರೆ ಸಾಕು. ಡೂಡಲ್‌ಬಗರ್ ಮಾತ್ರ ಜಗ್ಗಲಿಲ್ಲ.

ಸಿಡಿಮದ್ದು ಸಿಡಿಸಿ, ಭೂಮಿಯ ಒಳಪದರಗಳಿಂದ ಮರಳಿ ಬರುವ ಕಂಪನ ದಾಖಲಿಸಿ ತೈಲದ ಸುಳಿವು ಹಿಡಿಯುವವರಿಗೆ ಅಮೆರಿಕದಲ್ಲಿ ಈ ಅಡ್ಡಹೆಸರು. ಒಕ್ಲಹೋಮಾದಲ್ಲಿ 1921ರಲ್ಲೇ ಈ ವಿಧಾನದ ಪ್ರಯೋಗ ನಡೆದಿತ್ತು. ಡೂಡಲ್‌ಬಗ್ ಎಂದರೆ ಒಂದು ಹುಳುವೂ ಹೌದು. ನಮ್ಮ ಹಿತ್ತಲಿನ ಕೆಮ್ಮಣ್ಣಿನ ಪುಡಿಯಲ್ಲಿ ಆಲಿಕೆಯಂಥ ಕುಳಿ ತೋಡಿ, ತಳದಲ್ಲಿ ಅಡಗಿ, ಜಾರಿಬಿದ್ದ ಇರುವೆಯನ್ನು ಹಿಡಿಯುತ್ತದಲ್ಲ, ಅದೇ ಜಾತಿ. ಹುಲ್ಲುಕಡ್ಡಿಯಿಂದ ಕುಳಿಯ ಅಂಚು ಕೆದಕಿದೆ. ಕೆಳಗಿನಿಂದ ಮಣ್ಣು ಚಿಮ್ಮಿತು. ಬೆರಗಿನಿಂದ ನೋಡುತ್ತಾ ಕುಳಿತೆ, ಚೀಟಿ ಖಾಲಿಯೇ ಉಳಿಯಿತು. ‘ಕುಳಿಹುಳು’ ಎಂದು ಬರೆದರೆ ಓದುವವರ ಕಣ್ಣಿಗೆ ಮನುಷ್ಯ ಬರುವುದಿಲ್ಲ.

ದಾರಿ ತೋರಿಸಿದ್ದು ಪಕ್ಕದ ಹೊಲದ ಬೋರ್‌ವೆಲ್. ಬೆಳಿಗ್ಗೆ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬದುವಿನುದ್ದಕ್ಕೂ ನಡೆದರು. ಮಧ್ಯಾಹ್ನ ಇನ್ನೊಬ್ಬರು ಬಂದು, ನಾಲ್ಕು ಗೂಟ ನೆಟ್ಟು, ತಂತಿ ಎಳೆದು, ನೆಲದ ವಿದ್ಯುತ್ ರೋಧ ಅಳೆದರು. ಎರಡು ಸಲವೂ ಆ ಮನೆಯ ಅಜ್ಜಿ ಸೊಸೆಗೆ ಹೇಳಿದ್ದು ಒಂದೇ ಮಾತು: “ನೀರು ನೋಡುವವರು ಬಂದಿದ್ದಾರೆ, ಚಹಾ ಇಡು.”

ಡೂಡಲ್‌ಬಗ್ ಕಥೆಯೂ ಹೀಗೆಯೇ! ತೈಲ ತೋರಿಸುತ್ತವೆಂದು ಜನ ನಂಬಿದ ಕವೆಗೋಲು, ವಿಚಿತ್ರ ಪೆಟ್ಟಿಗೆಗಳಿಗೆ ಮೊದಲು ಅಂಟಿದ ಹೆಸರು ಆಮೇಲೆ ವಿಜ್ಞಾನದ ತಂಡಗಳಿಗೂ ಬಂತು. ಅವರು ಅದನ್ನು ಹೆಮ್ಮೆಯಿಂದಲೇ ಇಟ್ಟುಕೊಂಡರು. ಚೀಟಿಯಲ್ಲಿ ‘ತೈಲ ನೋಡುವವರು’ ಎಂದು ಬರೆದೆ. ಕವೆಗೋಲಿನವರೂ ಯಂತ್ರದವರೂ ಒಂದೇ ಮಾತಿನಲ್ಲಿ ಕುಳಿತರು.

ಎರಡು ಸಲ ಬರೆಯಬೇಕಾಯಿತು. ದಪ್ಪ ಕಾಗದವೆಂದು ಅಂಗಡಿಯವರು ಕೊಟ್ಟ ಚೀಟಿಗಳಲ್ಲಿ ಶಾಯಿ ಹಿಂಬದಿಗೆ ಇಳಿಯುತ್ತದೆ. ಕಟ್ಟು ಒಡೆದಿದ್ದೀರಿ, ವಾಪಸ್ ಇಲ್ಲ ಎಂದರು. ಒಡೆಯದೆ ಬರೆಯುವುದು ಹೇಗೆ?

ಮುಂದಿನ ಕಂತೆ ಬೀದರ್ ಬಳಿಯ ನೌಬಾದ್‌ನ ಕರೇಜ್‌ನದು. ಬಹಮನಿ ಕಾಲದಲ್ಲಿ ಜಂಬಿಟ್ಟಿಗೆ ಕಲ್ಲು ಕೊರೆದು ನೆಲದಡಿ ನೀರು ಹರಿಸಿದ ಸುರಂಗ, ನಡುನಡುವೆ ಬಾವಿಯಂಥ ಕಿಂಡಿಗಳು. ಇಂಥದ್ದನ್ನು ತೋಡುವವರಿಗೆ ಇರಾನಿನಲ್ಲಿ ಮುಕನ್ನಿ ಎನ್ನುತ್ತಾರೆ. ಬೀದರಿನವರು ಏನೆನ್ನುತ್ತಿದ್ದರು? ಭಾನುವಾರ ನೌಬಾದಿನ ಹಿರಿಯರನ್ನು ಕೇಳಲು ಹೊರಟಿದ್ದೇನೆ, ಬೇರೆ ಅಂಗಡಿಯ ಚೀಟಿಗಳೊಂದಿಗೆ.